ಶೇಟರು ಕದಿಯದ ಬೆಳ್ಳಿ

ನಮ್ಮ ಮುತ್ತಜ್ಜ ಮೊದಲ ಮಹಾಯುದ್ಧಕ್ಕೆ ಇರಾಕಿನ ಬಸ್ರಾಕ್ಕೆ ಹೋಗಿದ್ದರು. ಅಲ್ಲಿ ಸಿಕ್ಕ ಬೆಳ್ಳಿ ಪದಕವನ್ನು ಕಾರವಾರ ಪೇಟೆಯ ಅಕ್ಕಸಾಲಿ ಶೇಟರೊಬ್ಬರು ಎಗರಿಸಿ, ಕಂಚಿನದ್ದು ಮಾಡಿಕೊಟ್ಟರು. ಮನೆಯಲ್ಲಿ ಹೇಳುತ್ತಿದ್ದುದು ಇಷ್ಟೇ. ಮುತ್ತಜ್ಜನ ಬಗ್ಗೆ ಒಂದು ಸಾಲು, ಶೇಟರ ಬಗ್ಗೆ ಹತ್ತು ಸಾಲು! ಕೊಂಡಿ ರಿಪೇರಿಗೆ ಅಂತ ಕೊಟ್ಟಿದ್ದರಂತೆ. ಆಮೇಲೆ ಆ ಅಂಗಡಿಯಲ್ಲಿ ನಮ್ಮವರು ಒಂದು ಮೂಗುತಿಯನ್ನೂ ಮಾಡಿಸಲಿಲ್ಲ.

ಪದಕ ಈಗ ಕಾರವಾರದ ಹತ್ತಿರದ ಅಸ್ನೋಟಿಯಲ್ಲಿ ದೊಡ್ಡಪ್ಪನ ಮನೆಯಲ್ಲಿದೆ. ಅದನ್ನು ನೋಡಬೇಕು ಅಂತಲೇ ಪಂಚಗಂಗಾ ರೈಲು ಹತ್ತಿದೆ.

ಹೊರಡುವ ಮೊದಲೇ ಒಂದು ಕೈ ಸುಟ್ಟುಕೊಂಡಿದ್ದೆ. ಅಜ್ಜನ ಹೆಸರು ಕೊಟ್ಟರೆ ಪೂರ್ತಿ ಸೇನಾ ದಾಖಲೆ ಹುಡುಕಿಕೊಡ್ತೀವಿ ಅಂದ ಒಂದು ವೆಬ್‌ಸೈಟಿಗೆ ದುಡ್ಡು ಕಟ್ಟಿದೆ. ಬಂದದ್ದು ಮೆಸೊಪೊಟೇಮಿಯಾ, ಅಂದ್ರೆ ಈಗಿನ ಇರಾಕಿನ ಯುದ್ಧದ ಮೇಲೊಂದು ಪ್ರಬಂಧ. ಮುತ್ತಜ್ಜನ ಹೆಸರು ಮುಖಪುಟದಲ್ಲಿ ಮಾತ್ರ, ಅದೂ ತಪ್ಪಾಗಿ. ಇನ್ನೂ ಉರಿ ಆರಿಲ್ಲ. ಯುದ್ಧದಲ್ಲಿ ಸತ್ತವರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಪುಕ್ಕಟೆ ಹುಡುಕಬಹುದು. ಬದುಕಿ ಬಂದ ಸಾಮಾನ್ಯ ಸಿಪಾಯಿಗಳ ಕಾಗದಪತ್ರ ಉಳಿದಿರುವುದೇ ಕಡಿಮೆ. ಪಂಜಾಬಿನವರ ಅದೃಷ್ಟ ದೊಡ್ಡದು, ಅವರ ಊರೂರಿನ ಪಟ್ಟಿಗಳು ಲಾಹೋರ್ ಮ್ಯೂಸಿಯಮ್ಮಿನಲ್ಲಿ ಸಿಕ್ಕಿವೆ. ನಮ್ಮಂಥವರಿಗೆ ಪದಕವೇ ದಾಖಲೆ.

ಕಾರವಾರದಲ್ಲಿ ಮೊದಲು ಟ್ಯಾಗೋರ್ ಕಡಲತೀರಕ್ಕೆ ಹೋದೆ. ಮ್ಯೂಸಿಯಂ ಆಗಿರುವ ಚಪಲ್ ಯುದ್ಧನೌಕೆಯ ಮುಂದೆ ಸೆಲ್ಫಿಗೆ ಕ್ಯೂ. ಪಕ್ಕದಲ್ಲೇ ಮೇಜರ್ ರಾಮ ರಾಘೋಬ ರಾಣೆ ಅವರ ಪ್ರತಿಮೆ, ಅಲ್ಲಿ ಒಬ್ಬರೂ ಇಲ್ಲ. ಇದೇ ತಾಲ್ಲೂಕಿನ ಚೆಂಡಿಯಾದಲ್ಲಿ 1918ರಲ್ಲಿ ಹುಟ್ಟಿದವರು. ಪರಮವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದ ಮೊದಲಿಗರು. ನನಗೆ ಹಡಗಿಗಿಂತ ಇವರೇ ಇಷ್ಟ.

ಊಟ, ಬಸ್ಸು, ಬಿಸಿಲು ಎಲ್ಲ ಬಿಟ್ಟು ನೇರ ಅಸ್ನೋಟಿಗೆ ಬರ್ತೀನಿ. ಕಾಳಿ ನದಿ ದಾಟುವಾಗ ಮಾತ್ರ ಬಸ್ಸಿನಲ್ಲಿದ್ದವರೆಲ್ಲ ಒಂದೇ ಕಡೆ ಬಗ್ಗಿ ನೋಡಿದರು. ಹಳೆ ಸೇತುವೆ 2024ರ ಆಗಸ್ಟ್‌ನಲ್ಲಿ ನಡುರಾತ್ರಿ ಕುಸಿದಿತ್ತಲ್ಲ, ಆ ಜಾಗ.

ದೊಡ್ಡಮ್ಮ ದೇವರ ಗೂಡಿನಿಂದ ಪದಕ ತಂದು ಕೈಗಿಟ್ಟರು. ಐದನೇ ಜಾರ್ಜ್ ದೊರೆಯ ಕಿವಿಯ ಹತ್ತಿರ ಕುಂಕುಮ. ಹಿಂದೆ ಕುದುರೆ ಮೇಲೊಬ್ಬ ಬರಿಮೈ ಸವಾರ, 1914, 1918 ಅನ್ನೋ ಅಂಕಿ. ಪ್ರತಿ ಆಯುಧಪೂಜೆಗೆ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ದೊರೆಯ ಮೂಗು ನುಣ್ಣಗಾಗಿತ್ತು.

ನನಗೆ ಬೇಕಾಗಿದ್ದು ಅಂಚು. ಆ ಯುದ್ಧದ ಇಂಥ ಪದಕಗಳ ಅಂಚಿನ ಮೇಲೆ ನಂಬರು, ಹೆಸರು, ಪಡೆ ಎಲ್ಲ ಸಣ್ಣಕ್ಷರದಲ್ಲಿ ಒತ್ತಿರುತ್ತಾರೆ. ಬರಿಗಣ್ಣಿಗೆ ಏನೂ ಕಾಣಲಿಲ್ಲ. ಕಿಟಕಿ ಮುಚ್ಚಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು, ತೆಳು ಕಾಗದ ಸುತ್ತಿ ಪೆನ್ಸಿಲ್ ಉಜ್ಜಿದೆ. ಅಂಕಿ ಅರ್ಧ ಹೋಗಿತ್ತು. ಮುತ್ತಜ್ಜನ ಹೆಸರಿನ ಬಾಲ ಬಂತು. ಆಮೇಲೆ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ: ಪೋರ್ಟರ್ ಕೋರ್.

ದೊಡ್ಡಪ್ಪ ಕನ್ನಡಕ ಏರಿಸಿದರು. "ಅಂದ್ರೆ?"

"ಹೊರೆ ಹೊರುವವರ ಪಡೆ, ದೊಡ್ಡಪ್ಪ."

"ಯಾರು ಹೇಳಿದ್ದು? ನಮ್ಮಜ್ಜ ಬಂದೂಕು ಹಿಡಿದವನು. ಶೇಟ ಅಚ್ಚು ಹಾಕುವಾಗ ಏನೋ ಗೀಚಿರಬೇಕು."

"ಕಾರವಾರದ ಶೇಟರು ಅಜ್ಜನ ನಂಬರನ್ನ ಇಂಗ್ಲಿಷಲ್ಲಿ ಯಾಕೆ ಕೆತ್ತುತ್ತಾರೆ?"

ಅದಕ್ಕೆ ಉತ್ತರವಿರಲಿಲ್ಲ. ನಿಧಾನಕ್ಕೆ ವಿವರಿಸಿದೆ. ಬ್ರಿಟಿಷ್ ವಾರ್ ಮೆಡಲ್ ಅನ್ನೋ ಈ ಪದಕ ಎರಡು ಲೋಹದಲ್ಲಿ ಬಂತು. ಬೆಳ್ಳಿಯದ್ದು ಸುಮಾರು 65 ಲಕ್ಷ. ಕಂಚಿನದ್ದು ಸುಮಾರು 1 ಲಕ್ಷ 10 ಸಾವಿರ. ಕಂಚಿನದ್ದೆಲ್ಲ ಹೆಚ್ಚಾಗಿ ಚೀನಾ, ಮಾಲ್ಟಾ, ಭಾರತದ ಕೂಲಿ ಪಡೆಗಳಿಗೆ. ಕಿನ್ನರ ಊರಿನ ಬೀಗರ ಮನೆಯಲ್ಲಿ ಬೆಳ್ಳಿಯದ್ದಿದೆ ಅನ್ನೋದೇ ನಮ್ಮವರ ಅನುಮಾನಕ್ಕೆ ಮೂಲ. ಅವರಜ್ಜ 110ನೇ ಮರಾಠಾ ಪಡೆಯ ಸಿಪಾಯಿ. 1916ರ ಏಪ್ರಿಲ್‌ನಲ್ಲಿ ಇರಾಕಿನ ಕೂತ್ ಪಟ್ಟಣದಲ್ಲಿ ತುರ್ಕರಿಗೆ ಶರಣಾದ ಬ್ರಿಟಿಷ್ ಸೈನ್ಯದಲ್ಲಿ ಆ ಪಡೆಯೂ ಇತ್ತು. ಮುಖ ಒಂದೇ, ಲೋಹ ಬೇರೆ. ಅಂದಮೇಲೆ ನಮ್ಮದನ್ನು ಯಾರೋ ಬದಲಾಯಿಸಿದ್ದಾರೆ, ಅಲ್ವಾ? ಶೇಟರ ತಲೆಗೆ ಕಟ್ಟೋದು ಸುಲಭವಾಯ್ತು.

ದೊಡ್ಡಪ್ಪನಿಗೆ ಶೇಟರ ವಿಷಯ ಇರಲಿ, ಹೊರೆಯದೇ ಚಿಂತೆ. "ಹಾಗಾದ್ರೆ ಕೂಲಿಗೆ ಹೋಗಿದ್ನಾ?" ಅಂತ ಮತ್ತೆ ಮತ್ತೆ ಕೇಳಿದರು. ಬಸ್ರಾದಲ್ಲಿ ಆಗ ಸರಿಯಾದ ಧಕ್ಕೆಯೇ ಇರಲಿಲ್ಲ, ಹಡಗುಗಳು ಸಾಮಾನು ಇಳಿಸೋಕೆ ವಾರಗಟ್ಟಲೆ ನದಿಯಲ್ಲೇ ಕಾಯುತ್ತಿದ್ದವು, ಕಾಳು ಗುಂಡು ಮುಂದಕ್ಕೆ ಹೋಗದೆ ಕೂತ್‌ನಲ್ಲಿ ಸೈನ್ಯ ಸೋತಿತು ಅಂದೆ. ಅವರು ಮಾತಾಡಲಿಲ್ಲ. ಜಗುಲಿಗೆ ಹೋಗಿ ಕವಳ ಹಾಕಿಕೊಂಡು ಬಂದರು.

ಅಡುಗೆಮನೆಯಿಂದ ದೊಡ್ಡಮ್ಮ ಕೇಳಿದರು. "ಚೆಂಡಿಯಾದ ರಾಣೆಯವರಿಗೆ ಪದಕ ಯಾಕೆ ಕೊಟ್ರು?"

"ರಸ್ತೆ ಮಾಡಿದ್ದಕ್ಕೆ. 1948ರಲ್ಲಿ ಕಾಶ್ಮೀರದಲ್ಲಿ, ನೌಶೇರಾ–ರಜೌರಿ ದಾರೀಲಿ ನೆಲಬಾಂಬು ತೆಗೆದು, ಅಡ್ಡ ಬಿದ್ದ ಮರ ಸರಿಸಿ, ನಮ್ಮ ಟ್ಯಾಂಕಿಗೆ ದಾರಿ ಬಿಡಿಸಿದ್ರು. ಮೈಮೇಲೆ ಗುಂಡು ಬೀಳ್ತಿರುವಾಗಲೇ."

"ಅವರದ್ದು ಬಂಗಾರದ್ದಾ?"

"ಅಲ್ಲ. ಪರಮವೀರ ಚಕ್ರವೂ ಕಂಚಿನದ್ದೇ."

"ಮತ್ತೆ?" ಅಂದರು ದೊಡ್ಡಮ್ಮ, ದೊಡ್ಡಪ್ಪನ ಕಡೆ ನೋಡಿ. ಬೆಳಚಿನ, ಅಂದ್ರೆ ಚಿಪ್ಪುಮೀನಿನ, ಸುಕ್ಕ ಬಡಿಸಿದರು. ಬೆಂಗಳೂರಿನ ಕರಾವಳಿ ಹೋಟೆಲುಗಳಲ್ಲಿ ತಿನ್ನೋದು ಬರೀ ಮಸಾಲೆ, ಇದು ಬೆಳಚು.

ಊಟವಾದ ಮೇಲೆ ದೊಡ್ಡಪ್ಪ ತಾವಾಗಿಯೇ ಪೆನ್ಸಿಲ್ ತಗೊಂಡು ಅಂಚನ್ನು ಇನ್ನೊಂದು ಸಲ ಉಜ್ಜಿದರು. ಅರ್ಧ ಹೋಗಿದ್ದ ಅಂಕಿಯಲ್ಲಿ ಏಳೋ ಒಂದೋ ಅಂತ ನಾವಿಬ್ಬರೂ ಜಗಳವಾಡಿದೆವು. ಇನ್ನು ಮೇಲೆ ಇದಕ್ಕೆ ಹುಣಸೆಹಣ್ಣು ಬೇಡ ದೊಡ್ಡಮ್ಮ, ಇರೋ ಅಕ್ಷರವೂ ಹೋಗುತ್ತೆ ಅಂದೆ. ಸುತರಾಂ ಒಪ್ಪಲಿಲ್ಲ. ಪೂಜೆಗೆ ಕಪ್ಪಗಿರೋದನ್ನ ಇಡೋಕಾಗುತ್ತಾ ಅಂದರು. ಕೊನೆಗೆ ದೊರೆಯ ಮುಖ, ಕುದುರೆ ಅವರ ಪಾಲಿಗೆ. ಅಂಚಿಗೆ ಮಾತ್ರ ಯಾರೂ ಕೈ ಹಚ್ಚಬಾರದು ಅಂತ ರಾಜಿಯಾಯ್ತು.