ದೀಪಾವಳಿಗೆ ಮನೆ ಬಿಟ್ಟು ಆ ಸಾಲಿನ ಹತ್ತಿರ ಯಾಕೆ ಹೋಗ್ತೀರಿ?

ಈ ಪ್ರಶ್ನೆ ಅಂಗಡಿಗೆ ಬರುವವರು ಕೇಳುತ್ತಾರೆ, ನೆಂಟರು ಕೇಳುತ್ತಾರೆ. ನಮ್ಮತ್ತೆಯಂತೂ ಪ್ರತಿ ವರ್ಷ ಕೇಳುತ್ತಾರೆ. "ಹಬ್ಬದ ಹೊತ್ತಲ್ಲಿ ಮನೆಯಲ್ಲಿ ದೀಪ ಹಚ್ಚಿಕೊಂಡು ಇರೋದು ಬಿಟ್ಟು, ಅಲ್ಲಿ ಯಾಕಮ್ಮ ಹೋಗಿ ನಿಲ್ತೀಯ?" ಪ್ರತಿ ಸಲ ಏನೋ ಒಂದು ಹೇಳಿ ಮಾತು ಮುಗಿಸುತ್ತಿದ್ದೆ. ಸರಿಯಾದ ಉತ್ತರ ಸ್ವಲ್ಪ ಉದ್ದ ಇದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅಲ್ಲಿ ಅಂದರೆ ಹಾಸನಾಂಬೆಯ ದರ್ಶನದ ಸಾಲು. ಹಾಸನದವರಿಗೆ ಇದನ್ನು ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಎರಡು ಮಾತು. ನಮ್ಮ ಊರಿನ ದೇವಿಯ ಗುಡಿ ವರ್ಷಕ್ಕೆ ಒಂದೇ ಸಲ ತೆರೆಯುತ್ತದೆ. ಆಶ್ವಯುಜ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ ಬಾಗಿಲ ಮುಂದೆ ಬಾಳೆಕಂದು ಕಡಿದು, ಬಾಗಿಲು ತೆಗೆಯುತ್ತಾರೆ. ಬಲಿಪಾಡ್ಯಮಿ ಮುಗಿದ ಮೇಲೆ ಮುಚ್ಚುತ್ತಾರೆ. ಒಳಗೆ ಇರುವುದು ಹುತ್ತದ ರೂಪದ ದೇವಿ. ಸಪ್ತಮಾತೃಕೆಯರು ಕಾಶಿಯಿಂದ ಬಂದರು, ಅವರಲ್ಲಿ ಮೂವರು ಇಲ್ಲೇ ಹುತ್ತವಾಗಿ ನೆಲೆಸಿದರು, ಮೂವರು ದೇವಿಗೆರೆಯಲ್ಲಿ, ಒಬ್ಬರು ಕೆಂಚಮ್ಮನ ಹೊಸಕೋಟೆಯಲ್ಲಿ ಅನ್ನುವುದು ನಾವು ಚಿಕ್ಕಂದಿನಿಂದ ಕೇಳಿದ ಕಥೆ. ಬಾಗಿಲು ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೂ ಉರಿಯುತ್ತಿರುತ್ತದೆ ಅನ್ನುವುದು ಭಕ್ತರ ನಂಬಿಕೆ.

2025ರಲ್ಲಿ ಅಕ್ಟೋಬರ್ 9ಕ್ಕೆ ಬಾಗಿಲು ತೆಗೆದು 23ಕ್ಕೆ ಮುಚ್ಚಿದರು. ಮೊದಲ ದಿನ, ಕೊನೆಯ ದಿನ ಸಾರ್ವಜನಿಕರಿಗೆ ದರ್ಶನ ಇರುವುದಿಲ್ಲ. ನಡುವಿನ 13 ದಿನಗಳಲ್ಲಿ 26 ಲಕ್ಷಕ್ಕೂ ಜಾಸ್ತಿ ಜನ ಬಂದರು. 2011ರ ಜನಗಣತಿಯಲ್ಲಿ ಎರಡು ಲಕ್ಷವನ್ನೂ ಮುಟ್ಟದ ಊರು ನಮ್ಮದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಗುಂಪು ಗುಂಪಾಗಿ ಬರುತ್ತಾರೆ. ಅಜ್ಜಿಯರು, ಬಾಣಂತನ ಮುಗಿಸಿದವರು, ಮೊದಲ ಸಲ ಗಂಡನನ್ನು ಬಿಟ್ಟು ಗೆಳತಿಯರ ಜೊತೆ ಬಸ್ ಹತ್ತಿದವರು. ಅವರನ್ನು ನೋಡಿದರೆ ನನಗೆ ತುಂಬಾ ಖುಷಿಯಾಗುತ್ತದೆ.

ಈಗ ಉತ್ತರಕ್ಕೆ ಬರುತ್ತೇನೆ. ನಾನು ಅಲ್ಲಿಗೆ ಹೋಗುವುದು ಸಾಲಿನಲ್ಲಿ ನಿಂತವರಿಗಾಗಿ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅದೂ ಇದೆ. ಆದರೆ ಮುಖ್ಯವಾಗಿ ಹೋಗುವುದು ಆ ಸಾಲನ್ನು ಕಾಯುವವರಿಗಾಗಿ.

ನಾನು ಮೆಡಿಕಲ್ ಸ್ಟೋರ್‌ನಲ್ಲಿ ಫಾರ್ಮಸಿಸ್ಟ್. ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಇಲ್ಲದೆ ವೈದ್ಯರ ಚೀಟಿಯ ಮಾತ್ರೆ ಕೊಡುವ ಹಾಗಿಲ್ಲ. ನಾನೊಬ್ಬಳೇ ಇರುವ ದಿನ ಊಟದ ಡಬ್ಬಿ ಮೂರು ಗಂಟೆಯಾದರೂ ಮುಚ್ಚಿದಂತೆ ಇರುತ್ತದೆ. ಚೀಟಿ ಹಿಡಿದು ನಿಂತವರ ಮುಂದೆ ಡಬ್ಬಿ ಬಿಚ್ಚುವುದು ಹೇಗೆ? ನಮ್ಮ ಮಾಲೀಕರೂ ಫಾರ್ಮಸಿಸ್ಟೇ. ಅವರು ಬಂದು, "ನೀನು ಹೋಗಿ ಉಂಡ್ಕೊಂಡು ಬಾಮ್ಮ, ನಾನಿದ್ದೀನಿ" ಅಂದಾಗ ಆಗುವ ಸಮಾಧಾನ ದೊಡ್ಡದು. ಬೋನಸ್ ಕೊಟ್ಟಾಗಲೂ ಅಷ್ಟು ಹಿತ ಅನ್ನಿಸಿಲ್ಲ. ದಿನವಿಡೀ ಒಂದೇ ಜಾಗದಲ್ಲಿ ನಿಂತು ಕೆಲಸ ಮಾಡುವ ಯಾರಿಗೇ ಆದರೂ ಇದು ಗೊತ್ತು. "ನಿಮ್ಮ ಕೆಲಸ ದೊಡ್ಡದು" ಅಂತ ಹೊಗಳುವವರು ಸಿಗುತ್ತಾರೆ. ಹದಿನೈದು ನಿಮಿಷ ನಮ್ಮ ಜಾಗದಲ್ಲಿ ನಿಲ್ಲುವವರು ಸಿಗುವುದು ಕಷ್ಟ.

ಒಂದು ಸಂಜೆ ದರ್ಶನ ಮುಗಿಸಿ ಬರುವಾಗ ಬ್ಯಾರಿಕೇಡಿನ ತಿರುವಿನಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದರು. ಗೃಹರಕ್ಷಕ ದಳದವರು, ಖಾಕಿ ಸಮವಸ್ತ್ರ. ಬೆಳಗಿನ ಜಾವ ಬಂದವರು ಅಂತ ಆಮೇಲೆ ಗೊತ್ತಾಯಿತು. ಒಂದು ಕಾಲಿನ ಭಾರ ಇನ್ನೊಂದು ಕಾಲಿಗೆ ಹಾಕುತ್ತಾ, ಸಾಲು ನುಗ್ಗಿದಾಗಲೆಲ್ಲ ಎರಡೂ ಕೈಯಿಂದ ಕಂಬಿ ಹಿಡಿದು, "ನಿಧಾನ, ನಿಧಾನ, ಮಗು ಇದೆ ನೋಡಿ" ಅನ್ನುತ್ತಿದ್ದರು. ಗಂಟಲು ಕಟ್ಟಿತ್ತು. ನೀರಿನ ಬಾಟಲಿ ಕೊಟ್ಟೆ. ತಗೊಂಡರು, ಆದರೆ ಕುಡಿಯಲಿಲ್ಲ. "ಬೇಡ ಅಕ್ಕ, ಕುಡಿದರೆ ಶೌಚಾಲಯಕ್ಕೆ ಹೋಗ್ಬೇಕಾಗುತ್ತೆ, ಇಲ್ಲಿ ಯಾರೂ ಇಲ್ಲ" ಅಂದರು.

ಆ ಮಾತು ಕೇಳಿದ ಮೇಲೆ ನಾನು ಪ್ರತಿ ವರ್ಷ ಹೋಗುತ್ತಿದ್ದೇನೆ. ನಮ್ಮ ಬೀದಿಯ ಕೆಲವರು ಸೇರಿಕೊಂಡಿದ್ದೇವೆ. ಸಂಬಂಧಪಟ್ಟ ಅಧಿಕಾರಿಗಳ ಒಪ್ಪಿಗೆ ಪಡೆದೇ ನಿಲ್ಲುವುದು. ಒಂದು ತಿರುವಿನಲ್ಲಿ ಇಬ್ಬರು ಸಿಬ್ಬಂದಿ ಇದ್ದರೆ ಒಬ್ಬರ ಜೊತೆ ನಾವು ನಿಲ್ಲುತ್ತೇವೆ, ಇನ್ನೊಬ್ಬರು ಹೋಗಿ ಊಟ ಮಾಡಿ, ಕೈಕಾಲು ತೊಳೆದು, ಐದು ನಿಮಿಷ ಕೂತು ಬರುತ್ತಾರೆ. ಮತ್ತೆ ಮುಂದಿನ ತಿರುವು. ಇದರಲ್ಲಿ ಫೋಟೊ ತೆಗೆಯುವಂಥದ್ದು ಏನೂ ಇಲ್ಲ. ನನ್ನ ಲೆಕ್ಕದಲ್ಲಿ ನಾವು ಮಾಡುವ ಕೆಲಸಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಇದೇ.

ಎರಡನೆಯದು ಮಜ್ಜಿಗೆ. ಅಕ್ಟೋಬರ್‌ನಲ್ಲಿ ಹಾಸನದ ಹವೆ ನಂಬುವ ಹಾಗಿಲ್ಲ. ಮಧ್ಯಾಹ್ನ ಬಿಸಿಲು ಚುರುಕು, ಸಂಜೆ ಮಳೆ, ರಾತ್ರಿ ಚಳಿ. ಮಧ್ಯಾಹ್ನ ನೈವೇದ್ಯಕ್ಕೆ ದರ್ಶನ ನಿಲ್ಲಿಸುತ್ತಾರೆ. ಸಾಲು ಇದ್ದಲ್ಲೇ ನಿಲ್ಲುವ ಆ ಹೊತ್ತಿನಲ್ಲೇ ಜನರಿಗೆ ಸಿಟ್ಟು, ಸುಸ್ತು ಎಲ್ಲ ಬರುವುದು. ಮಜ್ಜಿಗೆ ಬೇಕಾಗುವುದೂ ಆಗಲೇ. ಒಂದು ಲೀಟರ್ ಗಟ್ಟಿ ಮೊಸರಿಗೆ ನಾಲ್ಕು ಲೀಟರ್ ನೀರು ಹಾಕುತ್ತೇವೆ. ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪು ಎಲ್ಲವನ್ನೂ ಕುಟ್ಟಿ, ಉಪ್ಪು, ಚಿಟಿಕೆ ಇಂಗು ಸೇರಿಸಿ, ಆಮೇಲೆ ಬಟ್ಟೆಯಲ್ಲಿ ಸೋಸುತ್ತೇವೆ. ಮನೆಯಲ್ಲಿ ಯಾರೂ ಸೋಸುವುದಿಲ್ಲ. ಇಲ್ಲಿ ಸೋಸಲೇಬೇಕು. ನೂಕುನುಗ್ಗಲಿನಲ್ಲಿ ಕುಡಿಯುವ ಮಗುವಿನ ಗಂಟಲಿಗೆ ಕರಿಬೇವಿನ ಎಸಳು ಅಡ್ಡ ಸಿಕ್ಕಿಕೊಂಡರೆ ಕಷ್ಟ. ಸ್ಟೀಲ್ ಲೋಟದಲ್ಲೇ ಕೊಡುವುದು, ಎತ್ತಿ ಕುಡಿಯಿರಿ ಅಂತ ಹೇಳುವುದು. ಪೇಪರ್ ಕಪ್ ಕೊಟ್ಟರೆ ನಮ್ಮ ಕೆಲಸ ಹಗುರವಾಗುತ್ತದೆ ನಿಜ, ಆದರೆ ಆ ಕಪ್ಪುಗಳನ್ನು ರಾತ್ರಿ ಬಗ್ಗಿ ಬಗ್ಗಿ ಹೆಕ್ಕುವವರು ಪೌರಕಾರ್ಮಿಕರು. ಒಬ್ಬರಿಗೆ ಉಪಕಾರ ಮಾಡುತ್ತೇವೆ ಅಂತ ಇನ್ನೊಬ್ಬರ ಸೊಂಟ ಮುರಿಯುವುದು ನನಗೆ ಒಪ್ಪಿಗೆಯಿಲ್ಲ. ಈ ವಿಷಯದಲ್ಲಿ ನಮ್ಮ ಗುಂಪಿನಲ್ಲೇ ವಾದ ಆಗಿದೆ. ಲೋಟ ತೊಳೆಯಲು ಇಬ್ಬರು ಜಾಸ್ತಿ ಬೇಕು ಅಂತ. ಬೇಕಾದರೆ ಬರಲಿ, ಅಷ್ಟೇ.

ಮಜ್ಜಿಗೆ ಕುಡಿದ ಒಬ್ಬ ಅಜ್ಜಿ ಲೋಟ ವಾಪಸ್ ಕೊಡುತ್ತಾ, "ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವ" ಅಂದರು. ಎಷ್ಟು ಸುಸ್ತಾಗಿದ್ದರೂ ಆ ಮಾತಿಗೆ ಮತ್ತೆ ಕೊಳಗ ಎತ್ತುವ ಶಕ್ತಿ ಬರುತ್ತದೆ.

ಮೂರನೆಯದು ನನ್ನ ಕಸುಬಿಗೆ ಸೇರಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲಿ ಜಾತ್ರೆ ನಡೆದರೂ ಬೇಕಾಗುವ ವಿಷಯ. ಸಕ್ಕರೆ ಕಾಯಿಲೆ ಇರುವವರು ಬೆಳಗ್ಗೆ ಮಾತ್ರೆ ನುಂಗುತ್ತಾರೆ, ಇಲ್ಲವೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ದೇವರ ದರ್ಶನ ಆಗುವವರೆಗೂ ಏನೂ ತಿನ್ನುವುದಿಲ್ಲ ಅಂತ ಖಾಲಿ ಹೊಟ್ಟೆಯಲ್ಲಿ ಸಾಲು ಹಿಡಿಯುತ್ತಾರೆ. ಗಂಟೆಗಟ್ಟಲೆ ನಿಂತರೆ ರಕ್ತದಲ್ಲಿ ಸಕ್ಕರೆ ಇಳಿದುಬಿಡುತ್ತದೆ. ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ, ಕೆಲವರಿಗೆ ಸುಮ್ನೆ ಸಿಟ್ಟು ಬರುತ್ತದೆ. ಪಕ್ಕದವರು "ಬಿಸಿಲಿಗೆ ತಲೆ ಸುತ್ತಿರ್ಬೇಕು" ಅಂತ ಬರೀ ನೀರು ಕೊಡುತ್ತಾರೆ. ನೀರು ಸಾಲದು, ಮಜ್ಜಿಗೆಯೂ ಸಾಲದು. ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಕಾಲು ಗಂಟೆಯಲ್ಲಿ ಸುಧಾರಿಸದಿದ್ದರೆ ಇನ್ನೊಂದು ಸಲ ಕೊಡಬೇಕು. ಸುಧಾರಿಸಿದ ಮೇಲೆ ಏನಾದರೂ ತಿನ್ನಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ನೇರ ಆಂಬುಲೆನ್ಸ್ ಕರೆಯಬೇಕು, 108. ನನ್ನ ಚೀಲದಲ್ಲಿ ಸಕ್ಕರೆ ಪೊಟ್ಟಣಗಳು, ಓಆರ್‌ಎಸ್, ಬ್ಯಾಂಡೇಜ್ ಯಾವಾಗಲೂ ಇರುತ್ತವೆ. ಓಆರ್‌ಎಸ್‌ನ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಲೋಟಕ್ಕೆ ಪೂರ್ತಿ ಸುರಿದು ಕುಡಿಯುವವರನ್ನು ತುಂಬಾ ನೋಡಿದ್ದೇನೆ, ಹಾಗೆ ಮಾಡಬೇಡಿ.

ಸಾಲಿನಲ್ಲಿ ಒಬ್ಬರು ನನ್ನನ್ನು ಕೇಳಿದ್ದರು, "ಮೇಡಂ, ಸಕ್ಕರೆ ತಿಂದು ದರ್ಶನ ಮಾಡಿದ್ರೆ ತಪ್ಪಾಗಲ್ವಾ?" ಅಂತ. "ತಾಯಿ ಮಕ್ಕಳನ್ನ ಉಪವಾಸ ಕೆಡವಿ ನೋಡ್ತಾಳಾ ಸ್ವಾಮಿ?" ಅಂದೆ. ಕುಡಿದರು.

ಜನ ಕೇಳುವ ಇನ್ನೊಂದು ಮಾತಿದೆ. "ಅಷ್ಟು ಆದಾಯ ಬರುತ್ತಲ್ಲ, ಎಲ್ಲ ಸರ್ಕಾರವೇ ಮಾಡಬೇಕು, ನೀವ್ಯಾಕೆ?" 2025ರಲ್ಲಿ ಬಂದ ಆದಾಯ 25 ಕೋಟಿ ರೂಪಾಯಿ ದಾಟಿತ್ತು. ಹಾಗಾಗಿ ಈ ಮಾತಿನಲ್ಲಿ ಅರ್ಧ ನನಗೆ ಪೂರ್ತಿ ಒಪ್ಪಿಗೆ. ಸಿಬ್ಬಂದಿಗೆ ಪಾಳಿ ಚಿಕ್ಕದಿರಬೇಕು, ಹೆಣ್ಣುಮಕ್ಕಳಿಗೆ ಹತ್ತಿರದಲ್ಲೇ ಶೌಚಾಲಯ ಇರಬೇಕು, ಕೂರಲು ಜಾಗ ಇರಬೇಕು. ಇವು ಯಾರೋ ಪುಣ್ಯಕ್ಕೆ ಮಾಡಿಕೊಡುವ ಕೆಲಸಗಳಲ್ಲ, ಅವರ ಹಕ್ಕು. ಕೇಳುವಾಗ ನಾವೂ ಅವರ ಜೊತೆ ನಿಂತು ಕೇಳಬೇಕು. ಆದರೆ ಅದು ಆಗುವವರೆಗೆ ಆ ತಿರುವಿನಲ್ಲಿ ನಿಂತವರು ನೀರು ಕುಡಿಯದೆ ಇರಲಿ ಅಂತ ಬಿಡುವುದಕ್ಕೆ ನನ್ನಿಂದ ಆಗುವುದಿಲ್ಲ.

ಮನೆಯ ಹಬ್ಬದ ಕಥೆ ಏನು ಅಂತಲೂ ಕೇಳುತ್ತೀರಿ. ಹಬ್ಬ ಚೆನ್ನಾಗೇ ಆಗುತ್ತದೆ. ನೀರು ತುಂಬುವ ಹಬ್ಬದ ಸಂಜೆ ನಾನು ಮನೆಯಲ್ಲೇ ಇರುತ್ತೇನೆ. ಹಂಡೆ ತೊಳೆದು ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿಯುವುದು ನಮ್ಮ ಯಜಮಾನರ ಪಾಲು. ಮರುದಿನ ಬೆಳಗ್ಗೆ ಎಲ್ಲರಿಗೂ ಎಣ್ಣೆ ಹಚ್ಚಿ ನೀರು ಹಾಕುವುದು ಅತ್ತೆ. ಕಜ್ಜಾಯಕ್ಕೆ ಪಾಕ ಹಾಕಿ ಕಲಸಿಟ್ಟ ಹಿಟ್ಟು ಎರಡು ಮೂರು ದಿನ ಕೂತರೆ ಇನ್ನೂ ಹದವಾಗುತ್ತದೆ, ಆ ಕೆಲಸ ನಾನು ಮುಂಚೆಯೇ ಮುಗಿಸಿರುತ್ತೇನೆ. ಅತ್ತೆ ಗೊಣಗುತ್ತಾರೆ ನಿಜ. ಆದರೆ ಕಳೆದ ವರ್ಷ ನಾನು ಹೊರಡುವಾಗ ಸ್ಟೀಲ್ ಡಬ್ಬಿ ತುಂಬಾ ಕಜ್ಜಾಯ ಕೈಗೆ ಕೊಟ್ಟು, "ಆ ಡ್ಯೂಟಿ ಮೇಲೆ ಇರೋ ಹುಡುಗೀರಿಗೆ ಕೊಡು, ಪಾಪ ಅವರ ಮನೇಲಿ ಯಾರು ಮಾಡಿರ್ತಾರೋ" ಅಂದರು.

ದೀಪಾವಳಿಯ ರಾತ್ರಿ ನಾವು ಪಟಾಕಿ ಹಚ್ಚುವಾಗ ಬಸ್ ಓಡಿಸುವವರಿದ್ದಾರೆ, ಕರೆಂಟು ಹೋದರೆ ಕಂಬ ಹತ್ತುವ ಲೈನ್‌ಮ್ಯಾನ್ ಇದ್ದಾರೆ, ಆಸ್ಪತ್ರೆಯಲ್ಲಿ ಸುಟ್ಟ ಕೈಗೆ ಪಟ್ಟಿ ಕಟ್ಟುವ ನರ್ಸ್ ಇದ್ದಾರೆ. ಬೆಳಗಾಗುವುದರೊಳಗೆ ಬೀದಿ ಗುಡಿಸಿರುತ್ತಾರೆ. ಇವರೆಲ್ಲರ ಋಣ ನನ್ನ ಮೇಲಿದೆ. ಎಲ್ಲವನ್ನೂ ತೀರಿಸಲು ಆಗದು. ನನ್ನ ಕೈಗೆ ಎಟಕುವ ಜಾಗ ಆ ಸಾಲು, ಅದಕ್ಕೇ ಅಲ್ಲಿಗೆ ಹೋಗುತ್ತೇನೆ.

"ನಾವೂ ಬರಬಹುದಾ?" ಅಂತ ಕೇಳುವವರಿಗೆ: ಖಂಡಿತ ಬನ್ನಿ. ಸುಮ್ನೆ ಹೋಗಿ ಬ್ಯಾರಿಕೇಡಿನ ಒಳಗೆ ನುಗ್ಗಬೇಡಿ, ಬಾಗಿಲು ತೆಗೆಯುವ ಮುಂಚೆಯೇ ದೇವಸ್ಥಾನದ ಆಡಳಿತದವರನ್ನು ಕೇಳಿ. ಹಬ್ಬದ ದಿನಗಳಿಗಿಂತ ವಾರದ ನಡುವಿನ ರಾತ್ರಿ ಪಾಳಿಗೆ ಜನ ಕಡಿಮೆ, ಅದನ್ನು ಆರಿಸಿಕೊಳ್ಳಿ. ಸ್ವೆಟರ್ ತನ್ನಿ, ಗಟ್ಟಿ ಚಪ್ಪಲಿ ಹಾಕಿಕೊಳ್ಳಿ. ರಾತ್ರಿ ಮಜ್ಜಿಗೆ ಯಾರಿಗೂ ಬೇಡ, ಫ್ಲಾಸ್ಕಿನಲ್ಲಿ ಬಿಸಿನೀರು ತನ್ನಿ. ಬಂದ ತಕ್ಷಣ ಡ್ಯೂಟಿಯಲ್ಲಿ ಇರುವವರನ್ನು ಮೊದಲು ಕೇಳಿ, "ಊಟ ಆಯ್ತಾ?" ಅಂತ. ಇಲ್ಲ ಅಂದರೆ ಅಲ್ಲೇ ನಿಮ್ಮ ಕೆಲಸ ಶುರು.