ಸವಳು ಹೊಲಕ್ಕೊಂದು ಅರ್ಜಿ

ಮುಧೋಳದ ಹತ್ತಿರ ನಮ್ಮ ಕಾಕಾನ ಹೊಲ ಇದೆ. ಎರೆ ಭೂಮಿ, ಘಟಪ್ರಭೆಯ ಕಾಲುವೆ ನೀರು, ಕಬ್ಬು ಬಿಟ್ಟರೆ ಬೇರೆ ಮಾತಿಲ್ಲ. ಬೇಸಿಗೆಯಲ್ಲಿ ಊರಿಗೆ ಹೋದಾಗ ನನಗೊಂದು ಕೆಲಸ ಹಚ್ಚಿದರು. ಹೊಲದ ಹೆಚ್ಚಿನ ನೀರು ಹೊರಗೆ ಹೋಗಲು ಬಸಿಗಾಲುವೆ ತೆಗೆಸಬೇಕು, ಸಹಾಯಧನ ಕೇಳಿ ಅರ್ಜಿ ಬರೆದುಕೊಡು ಅಂದರು. ನಾನು ಪತ್ರಿಕೆಯಲ್ಲಿ ಕರಡು ತಿದ್ದುವವನು. ಹೀಗಾಗಿ ಅರ್ಜಿ, ಲಗ್ನಪತ್ರಿಕೆ ಎಲ್ಲಾ ನನ್ನ ಪಾಲಿಗೇ.

ಮೊದಲು ಹೊಲ ನೋಡಿದೆವು. ತಗ್ಗಿನ ಮೂಲೆಯಲ್ಲಿ ನೆಲ ಬೆಳ್ಳಗೆ, ರೊಟ್ಟಿ ಬಡಿದ ಪರಾತದಲ್ಲಿ ಹಿಟ್ಟು ಉಳಿದಂತೆ. ಚಪ್ಪಲಿಯಿಂದ ಕೆದರಿದರೆ ಕೆಳಗೆ ತೇವ. ಅಲ್ಲಿನ ಕಬ್ಬು ಮೊಣಕಾಲಿಗೂ ಬಂದಿಲ್ಲ, ಎಲೆಯ ತುದಿ ಸುಟ್ಟಿದೆ. ಆಚೆ ದಿಬ್ಬದ ಕಬ್ಬು ತಲೆ ಮೀರಿ ನಿಂತಿದೆ. ಎರೆ ಭೂಮಿಗೆ ನೀರು ಜಾಸ್ತಿ ಆದರೆ ಬೇಗ ಬಸಿಯುವುದಿಲ್ಲ. ಒಳಗಿನ ನೀರಿನ ಮಟ್ಟ ಮೇಲೆ ಬರುತ್ತದೆ, ಜೊತೆಗೆ ಉಪ್ಪನ್ನೂ ತರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಉಪ್ಪಾದರೆ ಸವಳು, ನೀರು ನಿಂತರೆ ಜವಳು. ನಮ್ಮ ಕಡೆ ಎರಡನ್ನೂ ಸೇರಿಸಿಯೇ ಹೇಳುತ್ತಾರೆ.

ಬದುವಿನ ಮೇಲೆ ಕೂತು, "ಕಾಕಾ, ಭೂಮಿ ಹದಗೆಟ್ಟಿದೆ ಅಂತ ಬರೀಲೇನು?" ಅಂದೆ.

"ಹದ ಅಂದ್ರ ಗೊತ್ತೈತೇನು ನಿನಗ?" ದಿಬ್ಬದ ಕಡೆಯಿಂದ ಒಂದು ಹಿಡಿ ಮಣ್ಣು ತಂದು ಒತ್ತಿ ತೋರಿಸಿದರು. "ಹಿಡದ್ರ ಉಂಡಿ ಆಗಬೇಕು, ಒಗದ್ರ ಒಡೀಬೇಕು. ಮಳಿ ಹೆಚ್ಚಾದ್ರ ಹದ ಕೆಡ್ತೈತಿ, ನಾಕು ದಿನ ಬಿಸಲು ಬಿದ್ರ ತಿರುಗಿ ಬರ್ತೈತಿ. ಈ ಮೂಲಿ ಹಂಗಲ್ಲ ತಮ್ಮಾ, ಇದು ಕೆಟ್ಟ ಹೋಗೈತಿ."

ಮಜ್ಜಿಗೆ ತಂದ ಕಾಕು ಬಿಡಲಿಲ್ಲ. "ಹಂಗಾರ ಬೆಲ್ಲದ ಹದ ತಪ್ಪಿದ್ರ ತಿರುಗಿ ಬರ್ತೈತೇನು?" ಅವರ ತವರಿನಲ್ಲಿ ಗಾಣ ಇತ್ತು, ಬೆಲ್ಲ ಮಹಾಲಿಂಗಪುರದ ಪೇಟೆಗೆ ಹೋಗುತ್ತಿತ್ತು. ಕಾಕಾ ಮಜ್ಜಿಗೆ ಕುಡಿದರು, ಉತ್ತರ ಕೊಡಲಿಲ್ಲ.

ನನಗೆ ನಮ್ಮ ಕಚೇರಿ ನೆನಪಾಯಿತು. ಅಲ್ಲಿ ಕೆಡುವುದಕ್ಕೆಲ್ಲ ಸಿದ್ಧ ಮಾತುಗಳಿವೆ. ಗಲಾಟೆ ಆದರೆ ಪರಿಸ್ಥಿತಿ ಬಿಗಡಾಯಿಸುತ್ತದೆ. ಹಿಂದಿಯ ಬಿಗಡ್ನಾ ಇದರ ನೆಂಟ. ರೋಗ ಉಲ್ಬಣಿಸುತ್ತದೆ, ಆರೋಗ್ಯ ಹದಗೆಡುತ್ತದೆ. ಇವೆರಡನ್ನು ಅದಲುಬದಲು ಮಾಡುವಂತಿಲ್ಲ ನೋಡಿ. ಮೊದಲೇ ಕೆಟ್ಟದ್ದು ಇದ್ದರೆ ಅದು ಉಲ್ಬಣಿಸುತ್ತದೆ. ಹದಗೆಡಬೇಕಾದರೆ ಮೊದಲು ಹದ ಇರಬೇಕು. ಹುಟ್ಟಿನಿಂದಲೇ ಗುಂಡಿ ಬಿದ್ದ ರಸ್ತೆಯನ್ನು ‘ಹದಗೆಟ್ಟ ರಸ್ತೆ’ ಅಂತ ಬರೆಯೋದು ಅದಕ್ಕೆ ಸುಮ್ನೆ ಮರ್ಯಾದೆ ಕೊಟ್ಟಂತೆ, ಅಲ್ವಾ?

ಕಾಕಾನ ಕಿಸೆಯಲ್ಲಿ ಮಣ್ಣು ಪರೀಕ್ಷೆಯ ಚೀಟಿ ಇತ್ತು. ಉಪ್ಪಿನ ಅಂಶ ತೋರಿಸುವ ವಿದ್ಯುತ್ ವಾಹಕತೆ 4 ದಾಟಿದರೆ ಸವಳು ಅಂತ ಲೆಕ್ಕ. ಇವರದು ದಾಟಿತ್ತು. ರಸಸಾರ (pH) ಮಾತ್ರ 8.5ರ ಒಳಗೇ ಇತ್ತು. ಅದು ಏರಿ ಮಣ್ಣು ಕ್ಷಾರವಾಗಿದ್ದರೆ ಜಿಪ್ಸಂ ಹಾಕಬೇಕಾಗುತ್ತಿತ್ತು. ಇಲ್ಲಿ ಒಳ್ಳೆ ನೀರು ಬಿಟ್ಟು, ಉಪ್ಪನ್ನು ತೊಳೆದು, ಆ ನೀರನ್ನು ಬಸಿಗಾಲುವೆಯಲ್ಲಿ ಹೊರಗೆ ಕಳಿಸಿದರೆ ನೆಲ ಸುಧಾರಿಸುತ್ತದೆ.

"ಕೆಟ್ಟ ಹೋಗೈತಿ ಅಂತ ಬರದ್ರ, ಮತ್ತ ಬಸಿಗಾಲುವಿ ಯಾಕ ಅಂತ ಕೇಳ್ತಾರ" ಅಂದೆ. ಕಾಕಾ ನಕ್ಕರು. ಆ ಮೂಲೆ ಸವಳು-ಜವಳಾಗಿದೆ, ಪಕ್ಕದ ನೆಲವೂ ವರ್ಷದಿಂದ ವರ್ಷಕ್ಕೆ ಹದಗೆಡುತ್ತಾ ಬಂದಿದೆ ಅಂತ ಬರೆದೆ. ‘ಹದಗೆಟ್ಟಿದೆ’ ಅಂದರೆ ಆಗಿಹೋದ ಮಾತು. ‘ಹದಗೆಡುತ್ತಾ ಬಂದಿದೆ’ ಅಂದರೆ ಇನ್ನೂ ತಡೆಯಬಹುದು.

ಓದಿಸಿ ಕೇಳಿದ ಕಾಕಾ ಇನ್ನೊಂದು ಮಾತು ಸೇರಿಸಿದರು. "ಬಾಜೂ ಹೊಲದವರ ಹೆಸರೂ ಹಾಕು. ನಮ್ಮ ನೀರು ಅವರ ಹೊಲ ದಾಟೇ ಹಳ್ಳಕ್ಕ ಹೋಗಬೇಕು." ಅವರ ಉತಾರವೂ, ಅಂದರೆ ಹೊಲದ ಪಹಣಿಯೂ, ಬೇಕಾಯಿತು. ಸಂಜೆ ಇಬ್ಬರೂ ಅವರ ಮನೆಗೆ ಹೊರಟೆವು.