ತಿಪಟೂರಿನಿಂದ ಮೆಲ್ಬರ್ನ್‌ಗೆ ಹೋದ ಪುಡಿಗಳು

ಮಗಳ ಬಾಣಂತನಕ್ಕೆಂದು ನಾನೂ ನನ್ನ ಪತ್ನಿಯೂ ಮೆಲ್ಬರ್ನ್‌ಗೆ ಹೊರಟಾಗ ತಿಪಟೂರಿನ ನಮ್ಮ ಮನೆಯಲ್ಲಿ ವೀಸಾ, ಟಿಕೆಟ್ಟುಗಳಿಗಿಂತ ಹೆಚ್ಚು ಚರ್ಚೆಯಾದದ್ದು ಪುಡಿಗಳ ವಿಷಯ. ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಪತ್ನಿಗೆ ಬರೆದುಕೊಟ್ಟಿದ್ದ ಪ್ರೋಟೀನ್ ಪೌಡರ್ ಒಂದು ಡಬ್ಬಿ, ನಾನು ರಾತ್ರಿ ಹಾಲಿಗೆ ಹಾಕಿಕೊಳ್ಳುವ ಅಶ್ವಗಂಧ ಚೂರ್ಣ, ಇಬ್ಬರಿಗೂ ಬೇಕಾದ ತ್ರಿಫಲಾ ಮತ್ತು ಇಸಬ್‌ಗೋಲ್, ಮಗಳಿಗಾಗಿ ಗ್ರಂಧಿಗೆ ಅಂಗಡಿಯ ಬಾಣಂತಿ ಪುಡಿ, ಇವೆಲ್ಲದರ ಮೇಲೆ ಮನೆಯಲ್ಲೇ ಮಾಡಿದ ರಾಗಿ ಹುರಿಹಿಟ್ಟು. ಇವುಗಳಲ್ಲಿ ಯಾವುದೂ ಕಳ್ಳಮಾಲಲ್ಲ. ಆದರೂ ಬಂಧುಗಳು ಕೊಟ್ಟ ಸಲಹೆಗಳೆಲ್ಲ ಬಚ್ಚಿಡುವ ಸಲಹೆಗಳೇ ಆಗಿದ್ದವು. ಸೀರೆಯ ಮಡಿಕೆಯಲ್ಲಿಡಿ ಎಂದರು ಒಬ್ಬರು; ಇಳಿಯುವ ಮೊದಲು ತುಂಬುವ ಅರ್ಜಿಯಲ್ಲಿ ಏನೂ ಇಲ್ಲವೆಂದು ಬರೆದುಬಿಡಿ, ವಯಸ್ಸಾದವರನ್ನು ಯಾರೂ ಕೇಳುವುದಿಲ್ಲ ಎಂದರು ಮತ್ತೊಬ್ಬರು.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವನು. ಹೆಸರಿಲ್ಲದ ಪುಡಿಯನ್ನು ಕಂಡರೆ ನನಗೇ ಅನುಮಾನ ಬರುತ್ತದೆ. ಹೀಗಿರುವಾಗ ಪರದೇಶದ ಅಧಿಕಾರಿಗೆ ಬಾರದೆ ಇದ್ದೀತೆ? ಆದುದರಿಂದ ಹೊರಡುವ ಮೊದಲು ಆಸ್ಟ್ರೇಲಿಯ ಸರ್ಕಾರದ ನಿಯಮಗಳನ್ನು ಕುಳಿತು ಓದಿದೆ. ಆಗ ಸ್ಪಷ್ಟವಾದ ಸಂಗತಿಯೆಂದರೆ, ಒಂದೇ ಪುಡಿಯನ್ನು ದಾರಿಯುದ್ದಕ್ಕೂ ಬೇರೆ ಬೇರೆ ಜನ ಬೇರೆ ಬೇರೆ ಪ್ರಶ್ನೆ ಕೇಳುತ್ತಾರೆ. ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿಗೆ ಅದು ಸಿಡಿಯುತ್ತದೆಯೇ ಎಂಬುದು ಮುಖ್ಯ. ಕಸ್ಟಮ್ಸ್‌ನವರಿಗೆ ಅದು ನಿಷೇಧಿತ ಔಷಧವೇ ಎಂಬುದು ಮುಖ್ಯ. ಹೊರಗಿನ ಕೀಟ, ರೋಗಗಳು ದೇಶದೊಳಗೆ ಬಾರದಂತೆ ಕಾಯುವ ಬಯೋಸೆಕ್ಯುರಿಟಿಯವರಿಗೆ ಅದು ಹಿಂದೆ ಏನಾಗಿತ್ತು, ಹಾಲಾಗಿತ್ತೇ, ಬೀಜವಾಗಿತ್ತೇ, ಅದರಲ್ಲಿ ಇನ್ನೂ ಹುಳುವೋ ರೋಗಾಣುವೋ ಉಳಿದಿರಬಹುದೇ ಎಂಬುದು ಮುಖ್ಯ. ಒಬ್ಬರಿಗೆ ತೃಪ್ತಿಯಾದ ಉತ್ತರ ಇನ್ನೊಬ್ಬರಿಗೆ ಸಾಲದು. ನಮ್ಮ ಜನರಲ್ಲಿ ಹೆಚ್ಚಿನವರು ಇದೆಲ್ಲವನ್ನೂ ಸೇರಿಸಿ ಕಸ್ಟಮ್ಸ್ ಎಂಬ ಒಂದೇ ಭೂತವನ್ನು ಮಾಡಿಕೊಂಡು ಹೆದರುತ್ತಾರೆ.

ಮನೆಯಲ್ಲೇ ಉಳಿದ ಸಾಮಾನುಗಳ ಕಥೆಯೂ ಸಣ್ಣದಲ್ಲ. ನಾದಿನಿ ಬಾಣಂತಿಗೆಂದು ಅಂಟಿನುಂಡೆ ಕಟ್ಟಿದ್ದಳು. ಅದರಲ್ಲಿ ತುಪ್ಪ, ಗಸಗಸೆ, ಧಾರಾಳವಾಗಿ ಕೊಬ್ಬರಿ. ಕೊಬ್ಬರಿ ಮಾರುಕಟ್ಟೆಗೇ ಹೆಸರಾದ ಊರಿನಿಂದ ಹೊರಟವರು ಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ ಎಂದರೆ ಯಾರು ತಾನೇ ನಂಬುತ್ತಾರೆ? ಆದರೆ ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆಯೇ ಇದೆ. ಎಣ್ಣೆಯ ಅಂಶದಿಂದಾಗಿ ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗಕ್ಕೆ ಅದು ಸೇರುತ್ತದೆ. ಲಾರಿಗಟ್ಟಲೆ ಕೊಬ್ಬರಿ ತುಂಬಿಸುವ ಮಂಡಿಯ ಪರಿಚಿತರೊಬ್ಬರಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. ಗಸಗಸೆಯ ವಿಷಯವಂತೂ ನಗುವಂಥದ್ದಲ್ಲ. ಅದು ಅಫೀಮಿನ ಗಿಡದ ಬೀಜವಾದ್ದರಿಂದ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಷಿದ್ಧ. ದುಬೈ ಕಡೆಗೆ ಹೊರಟವರು ಪಾಯಸದ ಆಸೆಯನ್ನು ಊರಿನಲ್ಲೇ ಬಿಟ್ಟು ಹೋಗುವುದು ಕ್ಷೇಮ.

ಹೊರಡುವ ಹಿಂದಿನ ಸಂಜೆ ಎದುರುಮನೆಯ ಯಜಮಾನರು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ನೂಲು ಕಟ್ಟಿದ ಪೊಟ್ಟಣವೊಂದನ್ನು ತಂದರು. "ಮೇಷ್ಟ್ರೇ, ನಮ್ಮ ಹುಡುಗ ಅಲ್ಲೇ ಪಕ್ಕದ ಊರಲ್ಲಿ ಇದ್ದಾನೆ. ನಾಟಿ ವೈದ್ಯರ ಔಷಧಿ, ಹೊಟ್ಟೆಗೆ ಒಳ್ಳೇದು. ಏನೂ ಭಾರ ಆಗಲ್ಲ, ತಲುಪಿಸಿಬಿಡಿ" ಎಂದರು. ಒಳಗೇನಿದೆ ಎಂದು ಕೇಳಿದೆ, ಅವರಿಗೂ ತಿಳಿದಿರಲಿಲ್ಲ. ಚೀಲವನ್ನು ನೀವೇ ಜೋಡಿಸಿದ್ದೀರಾ, ಬೇರೆಯವರು ಕೊಟ್ಟದ್ದೇನಾದರೂ ಇದೆಯೇ ಎಂದು ನಿಲ್ದಾಣದಲ್ಲಿ ಕೇಳುತ್ತಾರೆಂದೂ, ಹೆಸರು ಹೇಳಲಾಗದ ಪುಡಿಗೆ ನಾನು ಉತ್ತರ ಕೊಡಲಾರೆನೆಂದೂ ಸಮಾಧಾನದಿಂದಲೇ ವಿವರಿಸಿದೆ. ಅವರಿಗೆ ಬೇಸರವಾಯಿತು. ಆಗಲಿ ಎಂದುಕೊಂಡೆ. ನೆರೆಹೊರೆಯ ದಾಕ್ಷಿಣ್ಯಕ್ಕೂ ಒಂದು ಎಲ್ಲೆ ಇರಬೇಕು.

ಚೂರ್ಣಗಳನ್ನು ಪರವಾನಗಿ ಸಂಖ್ಯೆ ಅಚ್ಚಾಗಿರುವ, ಸೀಲು ಒಡೆಯದ ಡಬ್ಬಿಗಳಲ್ಲಿಯೇ ತೆಗೆದುಕೊಂಡೆ. ಅಂಥ ಡಬ್ಬಿಗಳ ಮೇಲೆ ಗಿಡಮೂಲಿಕೆಯ ಸಸ್ಯಶಾಸ್ತ್ರೀಯ ಹೆಸರೂ ಇರುವುದು ದೊಡ್ಡ ಅನುಕೂಲ. ಅಶ್ವಗಂಧವೆಂದರೆ ತಿಳಿಯದ ಅಧಿಕಾರಿಗೆ ವಿಥಾನಿಯ ಸಾಮ್ನಿಫೆರಾ ಎಂದರೆ ತಿಳಿಯುತ್ತದೆ. ಸ್ವಂತ ಬಳಕೆಯ ಔಷಧಗಳನ್ನು ಪ್ರಯಾಣಿಕರು ಮೂರು ತಿಂಗಳಿಗೆ ಆಗುವಷ್ಟು ಮಾತ್ರ ಒಯ್ಯಬಹುದೆಂಬ ನಿಯಮ ಅಲ್ಲಿರುವುದರಿಂದ ಅಳತೆಯನ್ನೂ ಅದಕ್ಕೆ ಹೊಂದಿಸಿದೆ. ಹುರಿಹಿಟ್ಟಿನ ಪೊಟ್ಟಣಕ್ಕೆ ರಾಗಿಯನ್ನು ನೆನೆಸಿ, ಅರಳಿಸಿ, ಬೀಸಿ, ಜರಡಿ ಹಿಡಿದದ್ದು ಎಂದು ಇಂಗ್ಲಿಷಿನಲ್ಲಿ ಬರೆದು ಅಂಟಿಸಿದೆ. ಜೀರಿಗೆ, ಕೊತ್ತಂಬರಿ ಬೀಜ, ಅಕ್ಕಿ, ಕಡಲೆಗಳನ್ನು ಮುಟ್ಟಲಿಲ್ಲ. ದಾಸ್ತಾನು ಧಾನ್ಯವನ್ನು ತಿಂದುಹಾಕುವ ಖಾಪ್ರಾ ಎಂಬ ಕೀಟದ ಭಯದಿಂದ 2020ರಿಂದ ಆಸ್ಟ್ರೇಲಿಯದವರು ಇವನ್ನು ಪ್ರಯಾಣಿಕರ ಚೀಲದಲ್ಲಿ ಬಿಡುವುದಿಲ್ಲ. ಪ್ರೋಟೀನ್ ಡಬ್ಬಿಯ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ವಾದವಾಯಿತು. ಅದು ಹಾಲಿನ ವ್ಹೇಯಿಂದ, ಅಂದರೆ ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದ, ಮಾಡಿದ್ದು, ಬಿಡುವುದು ಅನುಮಾನ ಎಂದೆ. "ಏನೂಂದ್ರೆ, ಎರಡು ಸಾವಿರ ಕೊಟ್ಟು ತಂದಿರೋದು, ಸೀಲು ಬೇರೆ ಹಾಗೇ ಇದೆ. ತೋರಿಸೋಣ, ಬೇಡ ಅಂದ್ರೆ ಕೊಟ್ಟುಬಿಡೋಣ" ಎಂದಳು. ಅದಕ್ಕೆ ನನ್ನ ಆಕ್ಷೇಪವಿರಲಿಲ್ಲ.

ತುಮಕೂರು, ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಹಾದು ದೇವನಹಳ್ಳಿಯ ನಿಲ್ದಾಣ ತಲುಪಿದೆವು. ದೊಡ್ಡ ಡಬ್ಬಿಗಳೆಲ್ಲ ಚೆಕ್‌ಇನ್ ಚೀಲದಲ್ಲಿದ್ದವು. ಕೈಚೀಲದಲ್ಲಿ ಸ್ವಲ್ಪ ಇಸಬ್‌ಗೋಲ್ ಮತ್ತು ವೈದ್ಯರ ಚೀಟಿ. ಎಕ್ಸ್‌ರೇ ಪರದೆಯಲ್ಲಿ ಪುಡಿ ಮುದ್ದೆಯಾಗಿ ಕಾಣುವುದರಿಂದ ಸಿಬ್ಬಂದಿ ಡಬ್ಬಿಯನ್ನು ಹೊರಗೆ ತೆಗೆಸಿ, ಬಟ್ಟೆಯ ಪಟ್ಟಿಯೊಂದನ್ನು ಅದರ ಮೇಲೆ ಸವರಿ ಯಂತ್ರಕ್ಕಿಟ್ಟು, ಸ್ಫೋಟಕದ ಕುರುಹಿಲ್ಲವೆಂದು ಕಂಡ ಮೇಲೆ ಹಿಂತಿರುಗಿಸಿದರು. ಅಮೆರಿಕಕ್ಕೆ ಹೋಗುವವರಿಗೆ ಇದು ಇನ್ನೂ ಬಿಗಿ: ಸಿಡ್ನಿಯಿಂದ ಹೊರಡುವ ವಿಮಾನವೊಂದನ್ನು ಸ್ಫೋಟಿಸುವ ಸಂಚು 2017ರ ಜುಲೈನಲ್ಲಿ ಬಯಲಾದ ನಂತರ, 2018ರ ಜೂನ್ 30ರಿಂದ, ಕೈಚೀಲದಲ್ಲಿ 350 ಮಿಲಿಲೀಟರಿಗಿಂತ, ಅಂದರೆ ಒಂದು ಸೋಡಾ ಕ್ಯಾನಿಗಿಂತ, ಹೆಚ್ಚಿನ ಪುಡಿಯಿದ್ದರೆ ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸುತ್ತಾರೆ, ಏನೆಂದು ತೀರ್ಮಾನವಾಗದಿದ್ದರೆ ಒಳಗೆ ಬಿಡುವುದಿಲ್ಲ. ಸಿಂಗಪುರದಲ್ಲಿ ವಿಮಾನ ಬದಲಿಸಿದೆವು. ಅಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ.

ಇಳಿಯುವ ಮೊದಲು ತುಂಬಬೇಕಾದ ಕಾರ್ಡಿನಲ್ಲಿ ಔಷಧಗಳು, ಹಾಲಿನ ಪದಾರ್ಥಗಳು, ಧಾನ್ಯ, ಬೀಜ, ಸಾಂಪ್ರದಾಯಿಕ ಔಷಧಿ, ಗಿಡಮೂಲಿಕೆ ಎಂದು ಸ್ಪಷ್ಟವಾಗಿ ಕೇಳಿದ್ದಾರೆ. ಎಲ್ಲಕ್ಕೂ ಹೌದು ಎಂದು ಗುರುತು ಹಾಕಿದೆ. ಪಕ್ಕದ ಆಸನದಲ್ಲಿದ್ದ ನಮ್ಮ ಕಡೆಯವರೇ ಆದ ಹಿರಿಯರು ನನ್ನ ಕಾರ್ಡನ್ನು ಇಣುಕಿ ನೋಡಿ, ನನಗೆ ತಲೆ ಕೆಟ್ಟಿದೆಯೆಂಬಂತೆ ಮುಖ ಮಾಡಿದರು.

ಮೆಲ್ಬರ್ನ್‌ನಲ್ಲಿ ಚೀಲಗಳನ್ನು ತೆಗೆದುಕೊಂಡು ಪರಿಶೀಲನೆಯ ಸಾಲಿಗೆ ಹೋದೆವು. ಲ್ಯಾಬ್ರಡಾರ್ ನಾಯಿಯೊಂದು ಸಾಲಿನುದ್ದಕ್ಕೂ ಮೂಸುತ್ತ ಬಂದು ನಮ್ಮ ದೊಡ್ಡ ಚೀಲದ ಪಕ್ಕದಲ್ಲಿ ಶಿಸ್ತಾಗಿ ಕುಳಿತುಬಿಟ್ಟಿತು. ಪತ್ನಿ ನನ್ನ ತೋಳು ಹಿಡಿದಳು. ನಾಯಿಯನ್ನು ಹಿಡಿದಿದ್ದಾತ ನಮ್ಮ ಕಾರ್ಡನ್ನು ನೋಡಿ, ಹೌದು ಎಂದೇ ಬರೆದಿದ್ದೀರಲ್ಲ, ಸರಿ, ಆ ಮೇಜಿಗೆ ಹೋಗಿ ಎಂದ. ಮೇಜಿನ ಬಳಿಯ ಅಧಿಕಾರಿಣಿ ನಾನು ಸಿದ್ಧಪಡಿಸಿದ್ದ ಪಟ್ಟಿಯನ್ನು ಮೊದಲು ಓದಿದಳು; ನಂತರ ಒಂದೊಂದೇ ಡಬ್ಬಿಯನ್ನು ಪಟ್ಟಿಯೊಂದಿಗೆ ತಾಳೆ ನೋಡಿದಳು. ಅಶ್ವಗಂಧ, ತ್ರಿಫಲಾ, ಇಸಬ್‌ಗೋಲ್ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಾಣಂತಿ ಪುಡಿಯ ಪ್ಯಾಕೆಟ್ಟಿನ ಮೇಲಿನ ಶುಂಠಿ, ಮೆಣಸು, ಹಿಪ್ಪಲಿಗಳ ಹೆಸರನ್ನು ಓದಿ, ಇದು ಯಾವುದಕ್ಕೆ ಎಂದು ಕುತೂಹಲದಿಂದಲೇ ಕೇಳಿದಳು. ಹುರಿಹಿಟ್ಟಿನ ಪೊಟ್ಟಣವನ್ನು ಬಿಚ್ಚಿ, ತಟ್ಟೆಗೆ ಸುರಿದು, ಚಮಚದಲ್ಲಿ ಕೆದಕಿ, ಬೆಳಕಿಗೆ ಹಿಡಿದು ನೋಡಿದಳು. ಇಡೀ ಕಾಳು ಒಂದಾದರೂ ಇದೆಯೇ ಎಂಬುದು ಅವಳ ಹುಡುಕಾಟವಾಗಿತ್ತು. ಇನ್ನೊಬ್ಬ ಅಧಿಕಾರಿಯನ್ನು ಕರೆದು ಇಬ್ಬರೂ ಮಾತಾಡಿಕೊಂಡರು. ಕೊನೆಗೆ ಅದನ್ನೂ ಚೀಲಕ್ಕೆ ಮರಳಿಸಿದಳು.

ಪ್ರೋಟೀನ್ ಡಬ್ಬಿ ಮಾತ್ರ ಮೇಜಿನ ಆ ಕಡೆಯೇ ಉಳಿಯಿತು. ನನ್ನೊಬ್ಬನ ಹೊರತು ಎಲ್ಲರೂ ನೆಮ್ಮದಿಯಿಂದಿದ್ದದ್ದು ಅದರ ವಿಷಯದಲ್ಲಿ. ಬಣ್ಣದ ಲೇಬಲ್, ಸೀಲು, ಬಾರ್‌ಕೋಡ್ ಎಲ್ಲವೂ ಇದ್ದವು. ಆದರೆ ಅವಳಿಗೆ ಬೇಕಾಗಿದ್ದದ್ದು ಹಾಲು ಯಾವ ದೇಶದ ಹಸುವಿನದು ಎಂಬ ಒಂದೇ ಮಾತು. ಕಾಲುಬಾಯಿ ಜ್ವರ ನಮ್ಮಲ್ಲಿ ಇನ್ನೂ ಇದೆ. 2019ರಿಂದ ಕೇಂದ್ರ ಸರ್ಕಾರ ದೇಶದಾದ್ಯಂತ ದನಗಳಿಗೆ ಲಸಿಕೆ ಹಾಕಿಸುತ್ತಿರುವುದು ಅದಕ್ಕಾಗಿಯೇ. ಆಸ್ಟ್ರೇಲಿಯದಲ್ಲಿ ಆ ರೋಗ ಕೊನೆಯದಾಗಿ ಕಂಡದ್ದು 1872ರಲ್ಲಿ. ಒಂದೂವರೆ ಶತಮಾನ ಹೊರಗಿಟ್ಟ ರೋಗವನ್ನು ಒಂದು ಡಬ್ಬಿಯ ದಾಕ್ಷಿಣ್ಯಕ್ಕೆ ಒಳಗೆ ಬಿಡಲಾಗದೆಂಬುದು, ಕರು ಬಾಯಲ್ಲಿ ಹುಣ್ಣಾಗಿ ಮೇವು ಬಿಟ್ಟು ನಿಂತದ್ದನ್ನು ಕಂಡಿರುವ ನಮಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ಪತ್ನಿಗೂ ಕಾರಣ ಕೇಳಿದ ಮೇಲೆ ಸಿಟ್ಟು ಇಳಿಯಿತು. ದಂಡವಿಲ್ಲ, ಬೈಗುಳವಿಲ್ಲ, ಮೊದಲೇ ಹೇಳಿಕೊಂಡ ವಸ್ತುವನ್ನು ಅವರು ತೆಗೆದುಕೊಳ್ಳಬಹುದೇ ಹೊರತು ಹೇಳಿಕೊಂಡವರಿಗೆ ಅದಕ್ಕಾಗಿ ದಂಡ ಹಾಕುವುದಿಲ್ಲ. ನಾವು ಚೀಲ ಕಟ್ಟಿಕೊಳ್ಳುತ್ತಿರುವಾಗ ಪಕ್ಕದ ಮೇಜಿನಲ್ಲಿ ವಿಮಾನದ ಆ ಹಿರಿಯರ ಪೆಟ್ಟಿಗೆಯಿಂದ ಒಂದಾದ ಮೇಲೊಂದು ಪೊಟ್ಟಣ ಹೊರಬರುತ್ತಿತ್ತು. ಅವರ ಕಾರ್ಡನ್ನು ಅಧಿಕಾರಿ ಕೈಯಲ್ಲಿ ಹಿಡಿದು ನಿಂತಿದ್ದ.

ಮರುದಿನವೇ ಅಳಿಯಂದಿರು ಅಲ್ಲಿನ ಔಷಧಿ ಅಂಗಡಿಯಿಂದ ಬೇರೆ ಪ್ರೋಟೀನ್ ಪುಡಿ ತಂದರು. ಅದರ ರುಚಿ ಹಿಡಿಸಿದ್ದರಿಂದ ಹಿಂತಿರುಗುವಾಗ ಅರ್ಧ ಖಾಲಿಯಾದ ಡಬ್ಬಿಯನ್ನು ಪತ್ನಿ ಕೈಚೀಲದಲ್ಲೇ ಇಟ್ಟುಕೊಂಡಳು. ಅಲ್ಲಿಂದ ಹೊರಡುವ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಉಪ್ಪು, ಮರಳು, ಟಾಲ್ಕಂ ಪೌಡರಿನಂಥ ನಿರವಯವ, ಅಂದರೆ ಜೀವಮೂಲದ್ದಲ್ಲದ, ಪುಡಿಗಳಿಗೆ ತಲಾ 350 ಗ್ರಾಂ ಮಿತಿಯಿದೆ. ಆಹಾರದ ಪುಡಿಗೆ ಆ ಮಿತಿಯಿಲ್ಲ. ಸಿಬ್ಬಂದಿ ಡಬ್ಬಿಯನ್ನು ತೆಗೆಸಿ, ಪಟ್ಟಿ ಸವರಿ, ಕೊಟ್ಟುಬಿಟ್ಟರು. ಅವಳ ಇನ್ನೊಂದು ಕೈಯಲ್ಲಿದ್ದ ಟಾಲ್ಕಂ ಪೌಡರಿನ ಡಬ್ಬಿಯ ತೂಕವನ್ನು ಮಾತ್ರ ಎರಡು ಸಲ ಓದಿದರು.